ಸ್ಪೀಕರಿನ ಮೇಲಿಟ್ಟ ಅಂಗೈ

ಅವರ ಎಡ ಅಂಗೈಯ ತುಂಬ ಬೆಸುಗೆಯ ಸಣ್ಣ ಸಣ್ಣ ಸುಟ್ಟ ಕಲೆಗಳಿದ್ದವು. ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡುವಂತೆ ಆ ಅಂಗೈಯನ್ನು ಸ್ಪೀಕರಿನ ಮೇಲಿಟ್ಟು, ಕಣ್ಣು ಮುಚ್ಚಿ, ಕೊಂಚ ಹೊತ್ತಿನ ಬಳಿಕ “ಜೀವ ಬಂತ್ರಿ” ಅನ್ನುತ್ತಿದ್ದರು.

ಅಕ್ಕಿಆಲೂರಿನಲ್ಲಿ ರೇಡಿಯೋದಿಂದ ಹೋಮ್ ಥಿಯೇಟರಿನವರೆಗೆ ಸದ್ದು ಮಾಡುವ ಯಾವ ವಸ್ತು ಕೆಟ್ಟರೂ ಅವರ ರಿಪೇರಿ ಅಂಗಡಿಗೇ ಬರುತ್ತಿತ್ತು. ಅವರು ಮೂಲತಃ ಸವಣೂರು ಸೀಮೆಯ ಹತ್ತಿಮತ್ತೂರಿನವರು. ಕೂಗಿದರೆ ತಿರುಗಿ ನೋಡುವುದಿಲ್ಲ, ನಮಸ್ಕಾರಕ್ಕೆ ಮರುನಮಸ್ಕಾರವಿಲ್ಲ, ಎದುರು ನಿಂತ ಗಿರಾಕಿಯ ಮುಖವನ್ನೇ ದಿಟ್ಟಿಸುತ್ತಾರೆ ಎಂದು ಊರು ಅವರಿಗೆ ‘ಸವಣೂರ ನವಾಬ’ ಎಂದು ಹೆಸರಿಟ್ಟಿತ್ತು. “ಕೈ ಚಲೋ ಐತಿ, ಸೊಕ್ಕು ಬಾಳ” ಎಂಬುದು ಎಲ್ಲರ ತೀರ್ಪು. ಊರೆಲ್ಲ ಒಂದೇ ಮಾತನ್ನು ಹೇಳತೊಡಗಿದರೆ ಅದನ್ನು ಇನ್ನೊಮ್ಮೆ ತಿರುವಿ ನೋಡಬೇಕೆಂಬುದು, ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಹಳೆಯ ಪುಸ್ತಕಗಳಿಂದ ಕಲಿತ ನನ್ನ ಹಟ. ಆದರೂ ಈ ಮಾತನ್ನು ನಾನು ತಿರುವಿ ನೋಡಿದ್ದು ನಮ್ಮ ಮನೆಯ ಆಂಪ್ಲಿಫೈಯರ್ ಕೆಟ್ಟ ಮೇಲೆಯೇ.

ಕಣ್ಣು ಮಂಜಾದ ನನ್ನ ಹೆಂಡತಿಗೆ ಟಿವಿ ನೋಡುವ ವಸ್ತುವಲ್ಲ, ಕೇಳುವ ವಸ್ತು. ಅದಕ್ಕೆಂದೇ ಮಗಳು ಹೋಮ್ ಥಿಯೇಟರ್ ತಂದು ಜೋಡಿಸಿದ್ದಳು. ಅದರ ಆಂಪ್ಲಿಫೈಯರ್ ಒಂದು ದಿನ ಮೂಕವಾಯಿತು. ಅಂಗಡಿಯಲ್ಲಿ ಅವರು ಅದರ ಕರೆಂಟಿನ ದಾರಿಯಲ್ಲಿ ಒಂದು ಬಲ್ಬನ್ನು ಜೋಡಿಸಿ ಸ್ವಿಚ್ಚು ಹಾಕಿದರು. ಬಲ್ಬು ಝಗ್ಗನೆ ಉರಿಯಿತು. “ಒಳಗ ಶಾರ್ಟ್ ಆಗೇತ್ರಿ. ಬಲ್ಬು ಮಂದ ಆಗೂತನಕ ನಾ ಇದನ್ನ ಕೊಡಂಗಿಲ್ಲ” ಎಂದರು. ಸುಟ್ಟ ಭಾಗವನ್ನು ಬದಲಿಸಿ, ಸ್ಪೀಕರಿಗೆ ಅಂಗೈ ಹಚ್ಚಿ ನೋಡಿ ಕೊಟ್ಟರು.

ಮನೆಯಲ್ಲಿ ಹಚ್ಚಿದಾಗ ದನಿಯೇನೋ ಬಂತು. ಹೆಂಡತಿ ಮಾತ್ರ ಮುಖ ಕಿವುಚಿದಳು. “ಮಾತಿನ ಹಿಂದ ಒಗ್ಗರಣಿ ಸಿಡದಂಗ ಆಗಾಕತ್ತೇತಲ್ಲ, ನಿಮಗ ಕೇಳವಲ್ದೇನು?”

ಮರಳಿ ಒಯ್ದೆ. ಅವರು ಮತ್ತೆ ಅಂಗೈ ಇಟ್ಟರು. “ಎಲ್ಲಾ ಬರೋಬರಿ ಐತ್ರಿ.”

“ಚಟಪಟ ಅನ್ನಾಕತ್ತೇತ್ರಿ.”

“ಕೈ ಇಟ್ಟು ನೋಡ್ರಿ ಕಾಕಾರ.”

ಇಟ್ಟು ನೋಡಿದೆ. ಹಾಡಿನ ತಬಲೆಯ ಪೆಟ್ಟು ಕೈಗೆ ತಿಳಿಯುತ್ತಿತ್ತು. ಒಗ್ಗರಣೆ ಕಿವಿಗಷ್ಟೇ ತಿಳಿಯುತ್ತಿತ್ತು. ಅವರ ಕಿವಿಗೇಕೆ ತಿಳಿಯಲಿಲ್ಲ? ಅವರು ನನಗೆ ಬೆನ್ನು ಮಾಡಿ ಸ್ಕ್ರೂ ಬಿಗಿಯತೊಡಗಿದಾಗ ನಾನು ಗಟ್ಟಿಯಾಗಿ ಕೂಗಿದೆ: “ನಿಮ್ಮ ಕಾಲಾಗ ಚೇಳ ಐತ್ರಿ!”

ಅವರು ಸ್ಕ್ರೂ ಬಿಗಿಯುತ್ತಲೇ ಇದ್ದರು. ಅಂಗಡಿಯ ಹಿಂದೆಯೇ ಅವರ ಮನೆ. ಅಲ್ಲಿಂದ ಅವರ ಹೆಂಡತಿ ಕಸಬರಿಗೆ ಹಿಡಿದು ಓಡಿಬಂದರು. ನೆಲ ನೋಡಿದರು, ಚೇಳಿರಲಿಲ್ಲ. ಆಮೇಲೆ ನನ್ನ ಮುಖ ನೋಡಿದರು.

“ತಿಳೀತಲ್ರಿ ನಿಮಗ?” ಎಂದರು ಮೆಲ್ಲಗೆ. “ಯಾರ ಮುಂದೂ ಅನಬ್ಯಾಡ್ರಿ ಕಾಕಾ.” ಅನ್ನುವುದಿಲ್ಲವೆಂದು ಮಾತು ಕೊಟ್ಟೆ.

ಬಳಿಕ ಗಂಡನ ಎದುರಿಗೆ ಹೋಗಿ ನಿಂತು, ತುಟಿ ಬಿಡಿಸಿ ಬಿಡಿಸಿ, ನನಗೆ ತಿಳಿದುಹೋಯಿತೆಂದು ಹೇಳಿದರು. ಗಿರಾಕಿಗಳ ಮುಖವನ್ನು ಅವರು ಯಾಕೆ ದಿಟ್ಟಿಸುತ್ತಿದ್ದರೆಂದು ನನಗೆ ಅರ್ಥವಾದದ್ದು ಆಗ: ತುಟಿ ಓದುತ್ತಿದ್ದರು. ಊರು ಅದನ್ನೂ ಸೊಕ್ಕಿನ ಲೆಕ್ಕಕ್ಕೇ ಹಚ್ಚಿತ್ತು.

ಅವರು ಸ್ಕ್ರೂಡ್ರೈವರನ್ನು ಬದಿಗಿಟ್ಟು ನನ್ನತ್ತ ತಿರುಗಿದರು. “ನವಾಬ ಅಂದ್ರ ಅನ್ಲಿ ಬಿಡ್ರಿ ಕಾಕಾರ. ಸೊಕ್ಕಿನಂವನ ಕಡೆ ಸೆಟ್ ತರ್ತಾರ. ಕಿವುಡನ ಕಡೆ ಯಾರ ತರ್ತಾರ್ರಿ?”

ಕಿವಿಗೆ ಯಂತ್ರ ಹಾಕಿಸಿಕೊಳ್ಳಿ ಎಂದೆ. “ಅದು ‘ನಾ ಕಿವುಡ’ ಅಂತ ಅಂಗಡಿಗೆ ಬೋರ್ಡ್ ಹಚ್ಚಿದಂಗ ಆಗತೈತ್ರಿ” ಎಂದು ನಕ್ಕರು.

ಅಂದೇ ನಮ್ಮ ಪದ್ಧತಿ ಶುರುವಾಯಿತು. ನಾನು ಎದುರಿನ ಸ್ಟೂಲಿನ ಮೇಲೆ ಕುಳಿತೆ. ಅವರು ಒಣಗಿದ ಬಿದಿರಿನ ಕಡ್ಡಿಯಿಂದ ಆಂಪ್ಲಿಫೈಯರಿನ ಒಳಗಿನ ಒಂದೊಂದೇ ಭಾಗವನ್ನು ಮೆಲ್ಲಗೆ ತಟ್ಟುತ್ತ ಹೋದರು. ಒಂದೆಡೆ ತಟ್ಟಿದಾಗ ಒಗ್ಗರಣೆ ಸಿಡಿಯಿತು, ನಾನು ಬೆರಳೆತ್ತಿದೆ. ಅವರು ಅಲ್ಲೇ ಕಡ್ಡಿ ನಿಲ್ಲಿಸಿ, ಬಿಟ್ಟುಕೊಂಡಿದ್ದ ಬೆಸುಗೆಯನ್ನು ಹೊಸದಾಗಿ ಹಾಕಿದರು. ಸದ್ದು ಅಡಗಿತು, ನಾನು ಬೆರಳಿಳಿಸಿದೆ. ಆ ಸಂಜೆ ನನ್ನ ಹೆಂಡತಿ ಧಾರಾವಾಹಿ ಕೇಳುತ್ತ, “ಈಗ ಮಂದಿ ಮನ್ಯಾಗs ಕುಂತು ಮಾತಾಡಿದಂಗ ಆತು ನೋಡ್ರಿ” ಎಂದಳು.

ಅಲ್ಲಿಂದಾಚೆಗೆ ಸಂತೆಯ ದಿನ ಹಳ್ಳಿಗಳಿಂದ ಸೆಟ್ಟುಗಳು ಬಂದು ಬಿದ್ದಾಗಲೆಲ್ಲ ನಾನು ಆ ಸ್ಟೂಲಿನ ಮೇಲಿರುತ್ತಿದ್ದೆ. ಎದುರಿನ ಚಹಾದಂಗಡಿಯವನು, “ಮುದುಕಪ್ಪಗ ಮನ್ಯಾಗ ಕುಂಡ್ರಾಕ ಜಾಗ ಇಲ್ಲೇನ?” ಎಂದು ಕೆಣಕುತ್ತಿದ್ದ. ಬೆರಳೆತ್ತುವುದು ತಡವಾದರೆ ಅವರೂ ಬಿಡುತ್ತಿರಲಿಲ್ಲ. “ಕಾಕಾರ, ನಿದ್ದಿ ಹತ್ತೇತೇನ್ರಿ? ನಿಮ್ಮ ಕಿವೀನೂ ಒಮ್ಮೆ ಬಿಚ್ಚಿ ನೋಡೂಣೇನು?” ನಾವಿಬ್ಬರೂ ನಗುತ್ತಿದ್ದೆವು. ಅವರು ನಗುವಾಗ ದನಿ ಎಷ್ಟಿರಬೇಕೆಂಬ ಅಂದಾಜು ತಪ್ಪುತ್ತಿತ್ತು. ಬೀದಿಯವರು ತಿರುಗಿ ನೋಡುತ್ತಿದ್ದರು.

ಕಳೆದ ಸುಗ್ಗಿಯಲ್ಲಿ, ಅಂಗಡಿಯ ಮುಂದಿನ ರಸ್ತೆಯಲ್ಲಿ, ಅಕ್ಕಿ ಚೀಲ ಹೇರಿದ ಲಾರಿಯೊಂದು ಹಿಂದಕ್ಕೆ ಸರಿಯುತ್ತಿತ್ತು. ಅವರು ಅದಕ್ಕೆ ಬೆನ್ನು ಮಾಡಿ ನಿಂತು, ಯಾರದೋ ಸ್ಪೀಕರನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರಂತೆ. ಲಾರಿಯವನು ಹಾರ್ನು ಹೊಡೆದ, ಜನ ಕೂಗಿದರು. ಆಸ್ಪತ್ರೆಯ ದಾರಿಯಲ್ಲೇ ಜೀವ ಹೋಯಿತು. ನಾನು ಅಂದು ಊರಲ್ಲಿರಲಿಲ್ಲ. ಮರುದಿನ ಬಸ್ಸಿಳಿದಾಗ ಕಿವಿಗೆ ಬಿದ್ದ ಮೊದಲ ಮಾತು ಇದು: “ಲಾರಿ ಹಾರ್ನಿಗೂ ಸರೀಲಿಲ್ಲ ನೋಡ, ನವಾಬ. ಸೊಕ್ಕs ನುಂಗಿತು.”

ಕೊಟ್ಟ ಮಾತು ನನ್ನ ಬಾಯಿ ಕಟ್ಟಿತ್ತು. ದಿನಕರ್ಮದ ಊಟ ಮುಗಿದ ಮೇಲೆ ಅವರ ಹೆಂಡತಿಯ ಬಳಿ ಹೋಗಿ ಊರು ಆಡುವುದನ್ನು ಹೇಳಿದೆ. ಅವರು ಮುಚ್ಚಿದ ಅಂಗಡಿಯ ಬಾಗಿಲನ್ನು ನೋಡುತ್ತ ಕುಳಿತಿದ್ದರು.

“ಈಗ ಹೇಳ್ರಿ ಕಾಕಾ,” ಎಂದರು. “ಇನ್ನ ಯಾರ ಸೆಟ್ ಬರೂದೈತಿ?”

ನೆಟ್ಟಗೆ ಚಹಾದಂಗಡಿಗೆ ಹೋಗಿ, ಅವರಿಗೆ ಕಿವಿ ಕೇಳುತ್ತಿರಲಿಲ್ಲವೆಂದು ಕುಳಿತವರಿಗೆಲ್ಲ ಕೇಳುವಂತೆ ಹೇಳಿದೆ. ಅಂಗಡಿಯವನು ಸೋಸುತ್ತಿದ್ದ ಚಹಾವನ್ನು ಕೆಳಗಿಟ್ಟ.

“ನಾ ಇಲ್ಲೇ ನಿಂತಿದ್ನೆಲ್ರಿ ಅಜ್ಜಾರ,” ಎಂದ. “ಸರೀರಿ, ಸರೀರಿ ಅಂತ ಒದರಿಕೋತ ನಿಂತೆ. ಗೊತ್ತಿದ್ರ ಓಡಿ ಹೋಗಿ ಜಗ್ಗತಿದ್ದೆ.”

ಆ ಮಾತಿಗೆ ಉತ್ತರ ಹುಡುಕಿ ನನ್ನ ಹಳೆಯ ಪುಸ್ತಕಗಳನ್ನು ಇನ್ನೂ ತಿರುವುತ್ತಿದ್ದೇನೆ.

ಮೊನ್ನೆ ನಮ್ಮ ಸೆಟ್ಟಿನಲ್ಲಿ ಒಗ್ಗರಣೆ ಮತ್ತೆ ಸಿಡಿಯಿತು. ನನ್ನ ಬೆರಳು ತಾನಾಗಿಯೇ ಮೇಲೆದ್ದಿತು. ಬಹಳ ಹೊತ್ತಿನವರೆಗೆ ಅದನ್ನು ಇಳಿಸುವುದು ನನ್ನಿಂದ ಆಗಲಿಲ್ಲ.