ಸಕೀನಾ ಖಾಲಾರ ಹಲಾವಾ

ಕಳೆದ ವಾರ ಮಗಳು ನನ್ನನ್ನು ಕೊಂಡಾಪುರದ ಒಂದು ಬ್ಯೂಟಿ ಪಾರ್ಲರಿಗೆ ಎಳೆದುಕೊಂಡು ಹೋದಳು. ಅವಳ ಗೆಳತಿಯ ಮದುವೆ ಹತ್ತಿರ ಬಂದಿತ್ತು. ಅವಳ ಚೀಲ ಕಾಯುವುದನ್ನು ಬಿಟ್ಟರೆ ನನಗಲ್ಲಿ ಬೇರೆ ಕೆಲಸವಿರಲಿಲ್ಲ. ಐವತ್ತು ದಾಟಿದ ಹೆಂಗಸು ಅಂಥ ಕಡೆ ಹೋಗಿ ಕುಳಿತರೆ ಸುತ್ತಲಿನ ಕನ್ನಡಿಗಳೆಲ್ಲ ಅವಳನ್ನೇ ನೋಡುತ್ತವೆ. ನೀವೂ ಕುಳಿತಿದ್ದರೆ ಗೊತ್ತಿರುತ್ತದೆ. ಅಷ್ಟರಲ್ಲಿ ಅಲ್ಲಿಯ ಹುಡುಗಿ ಒಂದು ಡಬ್ಬಿಯ ಮುಚ್ಚಳ ತೆಗೆದಳು. ಸಕ್ಕರೆ ಪಾಕಕ್ಕೆ ನಿಂಬೆರಸ ಬಿದ್ದ ವಾಸನೆ.

"ಇದಕ್ಕ ಶುಗರಿಂಗ್ ಅಂತಾರ ಮಮ್ಮಿ. ಮೈಮ್ಯಾಗಿನ ಕೂದಲಾ ತಗ್ಯಾಕ. ಕೆಮಿಕಲ್ ಏನೂ ಇಲ್ಲ, ಹೊಸಾದು ಬಂದೈತಿ," ಎಂದಳು ಮಗಳು.

ಹೊಸದಂತೆ! ನನ್ನ ಎಡಗೈ ತಾನಾಗಿ ಸೆರಗಿನೊಳಗೆ ಸೇರಿಕೊಂಡಿತು.

ನನಗಾಗ ಹದಿನೇಳು. ಬೀದರಿನಿಂದ ಈ ತೆಲುಗು ಸೀಮೆಯ ಪಟ್ಟಣಕ್ಕೆ ಬಂದ ನಾವು ಬಾಲಾನಗರದ ಒಂದು ವಠಾರದಲ್ಲಿದ್ದೆವು. ಅಪ್ಪ ಲೇತ್ ಮಷೀನಿನ ಮುಂದೆ, ಅವ್ವ ಬಿಸ್ಕೀಟು ಕಟ್ಟುವ ಕಾರ್ಖಾನೆಯಲ್ಲಿ. ವಠಾರದ ಕೊನೆಯ ಕೋಣೆ ನಮಗೆಲ್ಲ ಚಿಕ್ಕಮ್ಮನಂತಿದ್ದ ಸಕೀನಾ ಖಾಲಾರದು. ಅವರು ಇದೇ ಪಟ್ಟಣದ ಅರಬ್ ಕೇರಿ ಬಾರ್ಕಸ್ ಕಡೆಯವರು. ಅವರ ಮುತ್ತಜ್ಜ ಅರಬ್ ದೇಶದಿಂದ ನಿಜಾಮರ ಫೌಜಿಗೆ ಬಂದವರಂತೆ. ಖಾಲಾ ಹುಮನಾಬಾದಿಗೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ಮರಳಿ ಬಂದಿದ್ದರು. ಅಲ್ಲಿ ಕಲಿತ ಕನ್ನಡದಿಂದಾಗಿಯೇ ಅವ್ವನಿಗೂ ಅವರಿಗೂ ಜೀವದ ಗೆಳೆತನ. ಮದುಮಕ್ಕಳ ಕೈಕಾಲಿನ ಕೂದಲು ತೆಗೆಯುವುದು ಅವರ ಕಸುಬು. ಸಕ್ಕರೆ, ನಿಂಬೆರಸ, ಒಂದಿಷ್ಟು ನೀರು, ಇಷ್ಟನ್ನೇ ಜೇನಿನ ಬಣ್ಣ ಬರುವ ತನಕ ಕುದಿಸುತ್ತಿದ್ದರು. ಅದಕ್ಕೆ ಅವರು ಹಲಾವಾ ಅನ್ನುತ್ತಿದ್ದರು. "ತಿನ್ನೂ ಸಕ್ರಿ ಮೈಗೆ ಬಳ್ಕೋತಾರಲ್ಲ, ಹೋಳಿಗಿ ಮಾಡಿದ್ರ ಮನಿಮಂದಿ ಎಲ್ಲಾ ತಿಂತಿತ್ತು," ಎಂದು ಅವ್ವ ನಗುತ್ತಿದ್ದಳು.

ನನ್ನ ಕೈಮೇಲೆ ದೇವರು ಧಾರಾಳವಾಗಿ ಕೂದಲು ಕೊಟ್ಟಿದ್ದ. ಇಂಟರ್ ಕಾಲೇಜಿಗೆ ಹೋಗುವಾಗ ಬಸ್ಸಿನಲ್ಲಿ ಒಬ್ಬ ಗೆಳತಿ, "ನಿನ್ನ ಕೈ ನಮ್ಮಣ್ಣನ ಕೈ ಇದ್ದಂಗೈತಿ," ಎಂದಳು. ಅಂದು ಸಂಜೆಯೇ ಖಾಲಾರ ಬಾಗಿಲಿಗೆ ಹೋದೆ. ಅವರು ಪಾಕವನ್ನು ಒದ್ದೆ ತಟ್ಟೆಗೆ ಸುರಿದು, ಆರಿದ ಮೇಲೆ ಬೆಳ್ಳಗಾಗುವ ತನಕ ನಾದಿ, ಮೊದಲು ತಮ್ಮ ಮುಂಗೈಗೆ ಮುಟ್ಟಿಸಿ ನೋಡಿಕೊಂಡರು. ಆಮೇಲೆ ನನ್ನ ಕೈಗೆ ಹಚ್ಚಿ ಸರ್ರನೆ ಕಿತ್ತರು. ನಾನು ಚೀರಿದೆ. "ಆರೂ ತನಕಾ ಕಾಯಬೇಕು ಬೇಟಾ. ಜಲ್ದಿ ನಕ್ಕೊ, ಅವಸರ ಮಾಡಬ್ಯಾಡ," ಎಂದರು. ಆಮೇಲೂ ಎರಡು ಮೂರು ಸಲ ಅವರೇ ಮಾಡಿದರು.

ಕಾಲೇಜಿನಲ್ಲಿ ಬೀಳ್ಕೊಡುಗೆಯ ದಿನ ಬಂತು. ಖಾಲಾ ಅಂದು ಬಾರ್ಕಸಿನ ತಂಗಿಯ ಮನೆಗೆ ಹೋಗಿದ್ದರು, ಅವ್ವ ಕೆಲಸಕ್ಕೆ. ನಾನೇ ಪಾಕ ಕುದಿಸಿದೆ. ಮೂರು ಸಲ ನೋಡಿದವಳಿಗೆ ಎಲ್ಲ ಬರುತ್ತದೆ ಎಂಬ ಜಂಬ. ಬಸ್ಸಿಗೆ ಹೊತ್ತಾಗುತ್ತಿತ್ತು. ಆರಲು ಬಿಡದೆ ಎಡಗೈ ಮೇಲೆ ಸುರಿದುಕೊಂಡೆ. ಸುಡುವ ನೀರು ಹರಿದುಹೋಗುತ್ತದೆ, ಸಕ್ಕರೆ ಪಾಕ ಹೋಗುವುದಿಲ್ಲ. ಅಂಟಿಕೊಂಡು ಸುಡುತ್ತದೆ. ಕಿತ್ತರೆ ಚರ್ಮವೂ ಜೊತೆಗೇ ಬಂತು.

ಎರಡು ದಿನ ದುಪಟ್ಟಾದಲ್ಲಿ ಮುಚ್ಚಿಟ್ಟುಕೊಂಡೆ. ಮೂರನೆಯ ದಿನ ಜ್ವರ ಏರಿತು, ಅವ್ವ ಕೈ ನೋಡಿದಳು. ಮದುವೆಗೆ ಬಂದ ಮಗಳ ಕೈ ಅದು. ಅವಳ ಮುಖ ಕಪ್ಪಿಟ್ಟಿತು.

"ಆಕೀನ ಮಾಡಿದ್ಲೇನು? ಸಕೀನಾ?"

ನಾನು ಹೌದೆಂದು ತಲೆಯಾಡಿಸಿದೆ. ಅಷ್ಟೇ ಸಾಕಾಯಿತು.

ಅವ್ವ ನನ್ನನ್ನು ಎಳೆದುಕೊಂಡೇ ಖಾಲಾರ ಬಾಗಿಲಿಗೆ ಹೋಗಿ, ವಠಾರವೆಲ್ಲ ಹೊರಗೆ ಬರುವಂತೆ ಕೂಗಾಡಿದಳು. ಖಾಲಾ ನನ್ನ ಕೈ ನೋಡಿದರು, ಆಮೇಲೆ ಮುಖ ನೋಡಿದರು. 'ಆ ದಿನ ನಾನು ವಠಾರದಲ್ಲೇ ಇರಲಿಲ್ಲ' ಎಂದು ಅವರು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ನೆಲ ನೋಡುತ್ತ ನಿಂತಿದ್ದೆ.

"ಹೌದು ತಂಗಿ, ನಂದ ತಪ್ಪಾತು," ಎಂದರು ಖಾಲಾ. "ಹುಡುಗಿಗೆ ಏನೂ ಅನಬ್ಯಾಡ."

ಅವ್ವ ಅಷ್ಟಕ್ಕೆ ಬಿಡಲಿಲ್ಲ. ವಠಾರದ ಏಳೂ ಮನೆಗೆ ಹೋಗಿ ಹೇಳಿದಳು, ನಲ್ಲಿಯ ಹತ್ತಿರ ಹೇಳಿದಳು, ಕಾರ್ಖಾನೆಯಲ್ಲೂ ಹೇಳಿದಳು. ಮದುಮಕ್ಕಳ ಮನೆಯವರು ಖಾಲಾರನ್ನು ಕರೆಯುವುದು ನಿಂತಿತು. ಮುಂದಿನ ಮಳೆಗಾಲದ ಹೊತ್ತಿಗೆ ಅವರು ಕೋಣೆ ಬಿಟ್ಟು ತಂಗಿಯ ಮನೆಗೆ ಹೊರಟರು. ಹೋಗುವಾಗ ನಮ್ಮ ಬಾಗಿಲ ಮುಂದೆ ನಿಂತರು. ಅವ್ವ ಒಳಗೆ ಹೋದಳು. "ಗಾಯ ಮಾದತೇನು ಬೇಟಾ?" ಎಂದರು. "ಹೂಂ ಖಾಲಾ," ಎಂದೆ. ಅಷ್ಟೇ ಮಾತು. ಅವರು ತೀರಿಕೊಂಡ ಸುದ್ದಿ ವರ್ಷಗಳ ಮೇಲೆ ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ ಕಿವಿಗೆ ಬಿತ್ತು. ಎಲೆಯ ಮೇಲಿನ ಅನ್ನ ಹಾಗೇ ಉಳಿಯಿತು ಎಂದು ಬರೆಯಬಹುದಿತ್ತು. ಇಲ್ಲ, ನಾನು ಉಂಡೆದ್ದೆ.

ಪಾರ್ಲರಿನ ಹುಡುಗಿ ಮಗಳ ಕೈಗೆ ಹಚ್ಚುವ ಮೊದಲು ತನ್ನ ಮುಂಗೈಗೆ ಮುಟ್ಟಿಸಿ ನೋಡಿಕೊಂಡಳು. ನಾನು ಎದ್ದು ಹೊರಗೆ ಬಂದುಬಿಟ್ಟೆ. ಹಿಂದೆಯೇ ಬಂದ ಮಗಳು ಏನಾಯಿತೆಂದು ಕೇಳಿದಾಗ ಎಲ್ಲವನ್ನೂ ಹೇಳಿದೆ. ನನ್ನ ಕೈಮೇಲಿನದು ಹೋಳಿಗೆ ಮಾಡುವಾಗ ಬೆಲ್ಲದ ಪಾಕ ಬಿದ್ದ ಕಲೆಯೆಂದೇ ಅವಳೂ ಅವಳಪ್ಪನೂ ಇಷ್ಟು ವರ್ಷ ನಂಬಿದ್ದರು. ಅವಳು ಸಿಟ್ಟಾಗಲಿಲ್ಲ. "ಅಜ್ಜಿಗೆ ಗೊತ್ತೈತೇನು?" ಎಂದು ಕೇಳಿದಳು.

ಅವ್ವ ಈಗ ಕುಷಾಯಿಗೂಡದ ನಮ್ಮ ಮನೆಯಲ್ಲೇ ಇದ್ದಾಳೆ. ಅಂದು ಸಂಜೆ ಮೆಂತ್ಯೆಸೊಪ್ಪು ಸೋಸುತ್ತ ಕುಳಿತವಳ ಮುಂದೆ ಕುಳಿತು ಹೇಳಿದೆ. ಅವಳ ಕೈ ನಿಂತಿತು. ಬೈಯುತ್ತಾಳೆ, ಇಲ್ಲವೆ ಹೋಗಲಿ ಬಿಡು ಅನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡೂ ಮಾಡಲಿಲ್ಲ.

"ನೀ ಒಂದ ಸಲ ತಲಿ ಆಡಿಸಿದಿ," ಎಂದಳು. "ನಾ ಏಳು ಮನಿ ತಿರುಗಿ ಹೇಳಿ ಬಂದೆ." ಆಮೇಲೆ, "ಲಕ್ಷ್ಮಮ್ಮನ ನಂಬರ್ ಐತೇನು?" ಎಂದಳು. ಆ ವಠಾರದವರಲ್ಲಿ ಇನ್ನೂ ನಮ್ಮ ಸಂಪರ್ಕದಲ್ಲಿರುವವರು ಅವರೊಬ್ಬರೇ.

"ಈಗ ಏನ ಉಪಯೋಗ ಅವ್ವಾ? ಖಾಲಾನ ಇಲ್ಲ."

"ಆಕಿ ಸತ್ತಾಳ. ನಾ ಆಡಿದ ಮಾತು ಇನ್ನೂ ಸತ್ತಿಲ್ಲ. ಹಚ್ಚು."

ಫೋನು ಹಚ್ಚಿ ಕೊಟ್ಟೆ. ಅವ್ವ ತನ್ನ ಹರಕು ತೆಲುಗಿನಲ್ಲಿ, ಕ್ಷೇಮಸಮಾಚಾರವನ್ನೂ ಕೇಳದೆ, ಸಕೀನಾಳದು ಏನೂ ತಪ್ಪಿರಲಿಲ್ಲ, ತಾನೇ ಊರಿಗೆಲ್ಲ ಸುಳ್ಳು ಹೇಳಿದ್ದು ಎಂದಳು. ಆ ಕಡೆಯಿಂದ ಲಕ್ಷ್ಮಮ್ಮ ಏನೋ ಕೇಳಿದರು. ಮತ್ತೆ ಯಾರು ಮಾಡಿದ್ದು ಎಂದಿರಬೇಕು. ಅವ್ವ ಫೋನನ್ನು ನನ್ನತ್ತ ಚಾಚಿದಳು.

ನಾನು ತೆಗೆದುಕೊಂಡೆ.

"ನೇನೇ ಅತ್ತಾ," ಎಂದೆ. "ನಾನೇ."