ಎರಡು ಅಶೋಕ

ಆಗ ಕಮತಗಿಯ ನಮ್ಮ ಓಣಿಗೆ ಮಗ್ಗದ ಸಪ್ಪಳದಿಂದಲೇ ಬೆಳಗಾಗುತ್ತಿತ್ತು. ಆಯಿ, ಅಂದರೆ ನನ್ನ ತಂದೆಯ ತಾಯಿ, ಹಾಸಿನ ನೂಲಿಗೆ ಗಂಜಿ ಹಚ್ಚಿ ಕೈತೊಳೆದ ನೀರನ್ನೂ ಚೆಲ್ಲಗೊಡುತ್ತಿರಲಿಲ್ಲ. ಅದು ಹಿತ್ತಲಿನ ಅಶೋಕ ಗಿಡದ ಪಾಲು. ಶಿರಸಿ ಕಡೆಯ ಮಳೆಕಾಡಿನಿಂದ ಅವಳ ಅಣ್ಣ ತಂದುಕೊಟ್ಟ ಸಸಿಯಂತೆ. ನಮ್ಮ ಬಿಸಿಲಿನಲ್ಲಿ ಅದು ಬದುಕಿದ್ದೇ ಬಚ್ಚಲ ನೀರಿನಿಂದ, ಆಯಿಯ ಹಟದಿಂದ. ಶಿವರಾತ್ರಿಯ ಹೊತ್ತಿಗೆ ಕಾಂಡದ ಮೈಯಿಂದಲೇ ಕೇಸರಿ ಗೊಂಚಲು ಒಡೆಯುತ್ತಿತ್ತು. ಹೂ ಕಿವಿಗೆ ಸಿಕ್ಕಿಸಿಕೊಂಡು, ರೊಟ್ಟಿಗೆ ಶೇಂಗಾ ಚಟ್ನಿ ಸುತ್ತಿಕೊಂಡು ತಿನ್ನುತ್ತ, ಅದರ ಕೆಳಗೇ ನಮ್ಮ ಮದುವೆಯಾಟ.

ಹೆಣ್ಣುಮಕ್ಕಳ ಹೊಟ್ಟೆನೋವಿಗೆ ಅದರ ತೊಗಟೆ ಮದ್ದು. ಕೇಳಿದವರಿಗೆ ಆಯಿ ಸವರಿದ ಟೊಂಗೆಯದ್ದನ್ನಷ್ಟೇ ಕೊಡುತ್ತಿದ್ದಳು. "ಬೊಡ್ಡಿ ಮುಟ್ಟಿದ್ರ ಕೈ ಮುರೀತೇನಿ" ಎನ್ನುತ್ತಿದ್ದಳು.

ಕೆಡಿಸಿದ್ದು ನನ್ನ ಬಾಯಿ. ಆರನೆಯ ತರಗತಿಯಲ್ಲಿ ಮಾಸ್ತರರು ಶಾಲೆಯ ಮುಂದಿನ ಉದ್ದನೆಯ ಗಿಡಗಳನ್ನು ತೋರಿಸಿ, ಇವು ಅಶೋಕ ಎಂದರು. ನಾನು ಎದ್ದು ನಿಂತೆ.

"ಅಲ್ರಿ ಸರ. ಖರೆ ಅಶೋಕ ನಮ್ಮ ಮನ್ಯಾಗ ಐತ್ರಿ. ಅದರ ತೊಗಟಿ ಔಷಧರಿ."

ಇಡೀ ತರಗತಿ ನಕ್ಕಿತು. ಮಾಸ್ತರರು ನಗಲಿಲ್ಲ. ಸಂಜೆ ಮನೆಗೇ ಬಂದು ನೋಡಿ, "ಹುಡುಗಿ ಹೇಳಿದ್ದ ಖರೆ" ಎಂದು ಊರಿಗೆಲ್ಲ ಹೇಳಿದರು. ನಾನು ವಾರವಿಡೀ ಬೀಗಿದೆ.

ಅಮವಾಸ್ಯೆಗೆ ಕೂಡಲಸಂಗಮಕ್ಕೆ ಹೋಗಿ ಬರುವಷ್ಟರಲ್ಲಿ ನಮ್ಮ ಗಿಡದ ಸೊಂಟದ ಸುತ್ತ ತೊಗಟೆಯೇ ಇರಲಿಲ್ಲ. ಬಿಳಿ ಕಟ್ಟಿಗೆ ಹಸಿಹಸಿಯಾಗಿ ಕಾಣುತ್ತಿತ್ತು. ಹಗಲಲ್ಲೇ, ನೆರೆಯವರ ಕಣ್ಣೆದುರಿಗೇ ಸುಲಿದಿದ್ದರು. ಕೇಳಿದರೆ ಪಕ್ಕದ ಮನೆಯವಳು ಅಂದಳು: "ಮಂದೀಗ ಉಪಯೋಗ ಆತಲ್ಲಬೇ. ತೊಗಟಿ ಮತ್ತ ಬರತೈತಿ."

ಬರುವುದಿಲ್ಲ! ಸುತ್ತ ಸುಲಿದರೆ ಗಿಡ ಸಾಯುತ್ತದೆ. ಕುರಿಯ ಉಣ್ಣೆ ಕತ್ತರಿಸಿದಷ್ಟು ಸಲೀಸಾಗಿ ಅವಳು ಆ ಮಾತು ಆಡಿದ್ದು ನೆನೆದರೆ ಇಂದಿಗೂ ನನಗೆ ಮೈ ಉರಿಯುತ್ತದೆ. ಆಯಿ ಸಗಣಿ-ಮಣ್ಣು ಮೆತ್ತಿ, ತನ್ನ ಹಳೆಯ ಸೀರೆ ಹರಿದು ಗಾಯಕ್ಕೆ ಸುತ್ತಿದಳು. ದಿನವೂ ಗಂಜಿನೀರು ಹಾಕಿದಳು. ಮಳೆಗಾಲ ಬರುವುದರೊಳಗೆ ಎಲೆ ಎಲ್ಲ ಉದುರಿತು. ನನ್ನನ್ನು ಅವಳು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೊನ್ನೆ ಮಗಳಿಗೆಂದು ಬಾಗಲಕೋಟೆಯ ಅಂಗಡಿಯೊಂದರಲ್ಲಿ ಅಶೋಕದ ತೊಗಟೆ ಕೇಳಿದೆ. ಅಂಗಡಿಯವನು ಪೊಟ್ಟಣ ಮುಂದಿಟ್ಟ.

"ಯಾವ ಅಶೋಕಪಾ ಇದು?"

"ಸಾಲಿ ಮುಂದ ಉದ್ದಾಕ ಇರ್ತಾವಲ್ರಿ, ಅವ."

"ಅದು ಅಶೋಕ ಅಲ್ಲೋ."

"ಏನ್ ಅಂತೀರಿ ಅಕ್ಕಾರ! ಅಶೋಕ ಅಂದ್ರ ಒಂದ. ಎರಡ ಎಲ್ಲಿಂದ ಬರ್ತಾವ್ರಿ?"

"ಎರಡ ಇದ್ದುವು" ಎಂದೆ. "ಖರೇದರ ಚರ್ಮ ಸುಲದ್ರಿ. ಈಗ ಸುಳ್ಳಿಂದು ಮಾರಾಕ ಹತ್ತೀರಿ."

ಪೊಟ್ಟಣ ಅಲ್ಲೇ ಬಿಟ್ಟು ಬಂದೆ.