ರೇವಪ್ಪ ಮಿಸ್ತ್ರಿಯ ಅಂಗೈ

ಆಳಂದದಲ್ಲಿ ಯಾರೇ ದುಬಾರಿ ಗೇಮಿಂಗ್ ಕಂಪ್ಯೂಟರ್ ಕೊಳ್ಳಲಿ, ರೇವಪ್ಪ ಮಿಸ್ತ್ರಿ ಅದರ ನೆತ್ತಿಯ ಮೇಲೆ ಅಂಗೈ ಇಡದ ಹೊರತು ಅದು ಅಂಗಡಿಯ ಹೊಸ್ತಿಲು ದಾಟುವುದಿಲ್ಲ. ಮೂವತ್ತು ವರ್ಷ ತೊಗರಿಬೇಳೆ ಮಿಲ್ಲಿನ ಯಂತ್ರಗಳನ್ನು ಸಾಕಿದ ಈ ಮನುಷ್ಯ ಜೀವಮಾನದಲ್ಲಿ ಒಂದು ಗೇಮೂ ಆಡಿದವನಲ್ಲ. ಆದರೂ ಮಟಕಿ ಊರಿನ ಮೇಷ್ಟ್ರು, ಅತನೂರಿನ ಡಾಕ್ಟರ ಮಗಳು, ಎಲ್ಲರೂ ಅವನನ್ನು ಗಾಡಿಯಲ್ಲಿ ಕೂರಿಸಿಕೊಂಡು ಬರುತ್ತಾರೆ. ಗಾಜಿನ ಬದಿ, ಬಣ್ಣಬಣ್ಣದ ದೀಪ ಕಂಡರೆ ಮೂಗು ಮುರಿಯುತ್ತಾನೆ: “ಬೆಳಕು ಇರ್ಲಿ, ಉಸಿರು ಎಲ್ಲಿಂದ ತಗೋತದ ತೋರ್ಸು.” ಅಂಗಡಿಯ ಎಸಿ ಆರಿಸಿ, ಇದ್ದುದರಲ್ಲೇ ಭಾರಿ ಗೇಮ್ ಹಚ್ಚಿಸಿ, ಎರಡು ಕಂಪ್ಯೂಟರುಗಳ ಮೇಲೆ ಒಂದೊಂದು ಕೈ ಇಟ್ಟು, ವಧೂವರರನ್ನು ಹರಸುವ ಹಿರಿಯನಂತೆ ಅರ್ಧ ತಾಸು ನಿಲ್ಲುತ್ತಾನೆ. ಆಮೇಲೆ ತೀರ್ಪು: “ಇದು ದುಡೀತದ, ಅದು ಬರೇ ಬೆವರ್ತದ.” ಆ ಮಾತಿಗೆ ಅಪೀಲಿಲ್ಲ. ಮೊನ್ನೆ ಅಂಗಡಿಯ ಶರಣಕುಮಾರ ಹೊಸದಾಗಿ ಬಂದ ಎಲ್ಲಕ್ಕಿಂತ ದೊಡ್ಡ ಕಂಪ್ಯೂಟರನ್ನು ಚಾಲೂ ಮಾಡಿ, ರೇವಪ್ಪನ ಎದುರು ನಿಂತು, ತುಟಿಯನ್ನು ದೊಡ್ಡದಾಗಿ ಆಡಿಸಿ ಹೇಳಿದ: “ಸಪ್ಪಳನೇ ಇಲ್ರಿ ಕಾಕಾ.” “ನನಗ ಯಾವ ಮಶೀನಿಂದೂ ಸಪ್ಪಳಿಲ್ಲ ತಮ್ಮಾ, ಕಿವಿ ಎರಡೂ ಮಿಲ್ಲಿನಾಗೇ ಬಿಟ್ಟು ಬಂದೇನಿ,” ಎಂದು ನಕ್ಕ ರೇವಪ್ಪ, ಕೈಯಿಟ್ಟು ಕಣ್ಣು ಮುಚ್ಚಿದ. “ಹಿಂದಿನ ಫ್ಯಾನ್ ನಡುಗಾಕತ್ತದ. ಬಿಚ್ಚು.” ಶರಣಕುಮಾರ ಒಲ್ಲದ ಮನಸ್ಸಿನಿಂದ ಬಿಚ್ಚಿದ. ನಾಲ್ಕು ಸ್ಕ್ರೂ ಇರಬೇಕಾದ ಫ್ಯಾನಿಗೆ ಮೂರೇ ಇದ್ದವು. ಕಿವಿ ಚೆನ್ನಾಗಿದ್ದವರು ನಾವು ಎಂಟು ಜನ ಅಲ್ಲೇ ನಿಂತಿದ್ದೆವು. ಒಬ್ಬರಿಗೂ ಏನೂ ಕೇಳಿಸಿರಲಿಲ್ಲ.